ಶಾಖಕ್ಕೂ ಉಂಟು ವರ್ಗಾವಣೆ

ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವನಿಗೆ ‘ವರ್ಗಾವಣೆ’ ಅನ್ನುವ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಬ್ಯಾಂಕಿನಲ್ಲಿ ವರ್ಗಾವಣೆ ಎರಡು ಥರ. ಮೊದಲನೆಯದು, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ದುಡ್ಡು ಹೋಗುವುದು. ಅದಕ್ಕೆ ವೋಚರ್ ಬೇಕು, ಸಹಿ ಬೇಕು, ಸಂಜೆ ಹೊತ್ತಿಗೆ ಎರಡೂ ಕಡೆಯ ಲೆಕ್ಕ ತಾಳೆಯಾಗಬೇಕು. ಎರಡನೆಯದು, ಒಂದು ಊರಿನಿಂದ ಇನ್ನೊಂದು ಊರಿಗೆ ಮನುಷ್ಯ ಹೋಗುವುದು. ಅದಕ್ಕೆ ಯಾವ ತರ್ಕವೂ ಬೇಡ. ಮಗಳ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರವಿದ್ದರೆ ಸಾಕು, ಆರ್ಡರ್ ಬಂದೇ ಬರುತ್ತದೆ.

ಮೂರನೆಯ ಥರದ ವರ್ಗಾವಣೆಯೊಂದುಂಟು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ‘ಉಷ್ಣ ವರ್ಗಾವಣೆ’ ಅಂತ ಒಂದು ಪಾಠವಿತ್ತು. ವಹನ, ಸಂವಹನ, ವಿಕಿರಣ ಅಂತ ಮೂರು ಹೆಸರು ಉರುಹೊಡೆದು ನಾಲ್ಕು ಅಂಕ ಗಳಿಸಿದ್ದಾಯಿತು. ಆಮೇಲೆ ನಾನು ಕಾಮರ್ಸಿಗೆ ಹೋದೆ, ಎಂ.ಕಾಂ. ಮಾಡಿದೆ, ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ಆ ಪಾಠ ಎಲ್ಲೋ ಕಳೆದುಹೋಯಿತು. ಅದು ಮತ್ತೆ ಸಿಕ್ಕಿದ್ದು ಹೈದರಾಬಾದಿನ ಸನತ್‌ನಗರದಲ್ಲಿ, ನಾಲ್ಕನೇ ಮಹಡಿಯ, ಅಂದರೆ ಮೇಲೆ ಬರೀ ತಾರಸಿ ಇರುವ, ನಮ್ಮ ಫ್ಲಾಟಿನಲ್ಲಿ. ಶಾಖದ ವರ್ಗಾವಣೆಗೆ ಇರುವುದು ಒಂದೇ ನಿಯಮ: ಹೆಚ್ಚು ಬಿಸಿಯಿರುವ ಕಡೆಯಿಂದ ಕಡಿಮೆ ಬಿಸಿಯಿರುವ ಕಡೆಗೆ. ಶಿಫಾರಸು ನಡೆಯುವುದಿಲ್ಲ, ಯೂನಿಯನ್ ಪತ್ರ ನಡೆಯುವುದಿಲ್ಲ. ಎರಡೂ ಕಡೆ ಸಮವಾದ ಮೇಲೆ ವರ್ಗಾವಣೆ ತಾನಾಗಿ ನಿಲ್ಲುತ್ತದೆ. ಜರ್ಮನಿಯ ಕ್ಲಾಸಿಯಸ್ 1850ರಲ್ಲಿ ಇದನ್ನು ಶಾಸ್ತ್ರೋಕ್ತವಾಗಿ ಬರೆದಿಟ್ಟ. ಅದಕ್ಕೆ ಮೊದಲೂ ನಮ್ಮ ಅಜ್ಜಿಯಂದಿರು ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿ ಇಡುತ್ತಿದ್ದರು ಅನ್ನುವುದು ಬೇರೆ ಮಾತು.

ಊರಿನಲ್ಲಿರುವ ಓದುಗರಿಗೆ ಸನತ್‌ನಗರ ಎಲ್ಲಿದೆ ಅಂತ ಹೇಳಬೇಕು. ಚಾರ್‌ಮಿನಾರ್ ಕಡೆಯಲ್ಲ, ಹೈಟೆಕ್ ಸಿಟಿಯ ಕಡೆಯೂ ಅಲ್ಲ. ನಗರದ ವಾಯವ್ಯಕ್ಕೆ ಎರ್ರಗಡ್ಡ, ಬಾಲಾನಗರಗಳ ಮಗ್ಗುಲಿನಲ್ಲಿ ಇರುವ ಹಳೆಯ ಕೈಗಾರಿಕಾ ಪ್ರದೇಶ. ಇ.ಎಸ್.ಐ. ಆಸ್ಪತ್ರೆ, ಶೆಡ್ಡುಗಳು, ಲೇತ್ ಯಂತ್ರಗಳ ಸದ್ದು, ನಡುನಡುವೆ ನಮ್ಮಂಥವರ ಅಪಾರ್ಟ್‌ಮೆಂಟುಗಳು. ಇಲ್ಲಿ ರೈಲು ಹಳಿಯೂ ಹಾಯುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದಲ್ಲಿ ಬಂದ ಹಳಿ ಇದು. ತಾರಸಿ ಮೇಲೆ ನಿಂತು ರಾತ್ರಿ ರೈಲಿನ ಕೂಗು ಕೇಳಿದಾಗಲೆಲ್ಲ ‘ಇದನ್ನೇ ಹಿಡಿದು ಹೊರಟರೆ ಬೆಳಗಾಗುವುದರೊಳಗೆ ಕನ್ನಡ’ ಅಂತ ಅನ್ನಿಸುವುದುಂಟು.

ಆ ಹಳಿಯ ದಿಕ್ಕಿನಿಂದಲೇ ಇಲ್ಲಿಗೆ ಬಂದ ಇನ್ನೊಬ್ಬ ಕನ್ನಡಿಗನೆಂದರೆ ಶಹಾಬಾದ್ ಕಲ್ಲು. ಹೈದರಾಬಾದಿನ ಹಳೆಯ ಮನೆಗಳ ನೆಲವನ್ನೆಲ್ಲ ಹಾಸಿ ಮಲಗಿರುವುದು ಅದೇ. ನಮ್ಮ ಮೆಟ್ಟಿಲು, ಬಾಲ್ಕನಿಗಳಿಗೂ ಅದೇ ಕಲ್ಲು. ಡಿಸೆಂಬರಿನ ಬೆಳಗ್ಗೆ ಬರಿಗಾಲಿನಲ್ಲಿ ಅದರ ಮೇಲೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಪಕ್ಕದಲ್ಲೇ ಹಾಸಿದ ಚಾಪೆಯ ಮೇಲೆ ಕಾಲಿಟ್ಟರೆ ಹಿತ. ಕಲ್ಲು ತಣ್ಣಗಿದೆ, ಚಾಪೆ ಬೆಚ್ಚಗಿದೆ ಅಂತ ನಾವು ಹೇಳುತ್ತೇವೆ. ಥರ್ಮಾಮೀಟರ್ ಇಟ್ಟು ನೋಡಿದರೆ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಎರಡರದೂ ಉಷ್ಣತೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ವೇಗದಲ್ಲಿ. ಕಲ್ಲು ನಮ್ಮ ಅಂಗಾಲಿನ ಶಾಖವನ್ನು ಸರಸರ ಒಳಗೆಳೆದುಕೊಳ್ಳುತ್ತದೆ. ಚಾಪೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿದೆ, ಗಾಳಿಯಂಥ ಸೋಮಾರಿ ಗುಮಾಸ್ತ ಇನ್ನೊಬ್ಬನಿಲ್ಲ, ಶಾಖದ ಫೈಲನ್ನು ಅದು ಮುಂದಕ್ಕೆ ಕಳಿಸುವುದೇ ಇಲ್ಲ. ನಮ್ಮ ಚರ್ಮಕ್ಕೆ ಗೊತ್ತಾಗುವುದು ವಸ್ತುವಿನ ಉಷ್ಣತೆಯಲ್ಲ. ನಮ್ಮ ಖಾತೆಯಿಂದ ಎಷ್ಟು ಬೇಗ ಹಣ ಖಾಲಿಯಾಗುತ್ತಿದೆ ಅನ್ನುವುದು.

ಈ ಲೆಕ್ಕ ಮೇ ತಿಂಗಳಲ್ಲಿ ತಲೆಕೆಳಗಾಗುತ್ತದೆ. ಮನುಷ್ಯನ ಚರ್ಮ ಸುಮಾರು 33–34 ಡಿಗ್ರಿ. ಶಿವಮೊಗ್ಗದ ಕಡೆಯ ನನಗೆ ಮನೆಯೊಳಗಿನ ವಸ್ತುಗಳೆಲ್ಲ ಯಾವಾಗಲೂ ನನಗಿಂತ ತಣ್ಣಗೇ ಇರುತ್ತವೆ ಅನ್ನುವುದು ಹುಟ್ಟಿನಿಂದ ಬಂದ ನಂಬಿಕೆ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಶೆಲ್ಫಿನ ಮೇಲಿನ ಖಾಲಿ ಸ್ಟೀಲ್ ಲೋಟ ಎತ್ತಿಕೊಂಡರೆ ಅದು ಬೆಚ್ಚಗಿತ್ತು. ಬೀರುವಿನ ಹಿಡಿ ಬೆಚ್ಚಗೆ, ಮಂಚದ ಕಬ್ಬಿಣ ಬೆಚ್ಚಗೆ. ಮರದ ಕುರ್ಚಿಯ ಕೈ ಮಾತ್ರ ವಾಸಿ. ಕೋಣೆ 40 ಡಿಗ್ರಿ ಆದಾಗ ಶಾಖ ನಮ್ಮಿಂದ ಲೋಟಕ್ಕಲ್ಲ, ಲೋಟದಿಂದ ನಮಗೆ ಹರಿಯುತ್ತದೆ. ಚಳಿಗಾಲದಲ್ಲಿ ಯಾವುದು ಅತಿ ತಣ್ಣಗೆ ಅನ್ನಿಸುತ್ತಿತ್ತೋ ಅದೇ ಬೇಸಿಗೆಯಲ್ಲಿ ಅತಿ ಬಿಸಿ. ಸಾಲ ಕೊಟ್ಟವನು ಸಾಲಗಾರನಾದ ಹಾಗೆ.

ಅಡುಗೆಮನೆ ಈ ವಿದ್ಯೆಯ ದೊಡ್ಡ ಶಾಲೆ. ನಮ್ಮವಳು ಅದರ ಹೆಡ್‌ಮಿಸ್ಟ್ರೆಸ್. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅದಕ್ಕೇ ಸ್ಟೀಲ್ ಪಾತ್ರೆಗೆ ತಾಮ್ರದ ತಳ. ಬರೀ ತೆಳು ಸ್ಟೀಲ್ ಪಾತ್ರೆಯಲ್ಲಿ ಪಾಯಸ ಮಾಡಿದರೆ ಉರಿ ತಾಗಿದ ಜಾಗದಲ್ಲೇ ಶಾಖ ನಿಂತು ತಳ ಹಿಡಿಯುತ್ತದೆ. ಇನ್ನು ಮಸಿಬಟ್ಟೆಯ ವಿಷಯ. ಒಲೆಯಿಂದ ಪಾತ್ರೆ ಇಳಿಸುವಾಗ ಬಟ್ಟೆ ಒಣಗಿರಬೇಕು. ‘ಒದ್ದೆ ಬಟ್ಟೆ ಹಿಡ್ಕೋಬೇಡ್ರೀ, ಕೈ ಸುಟ್ಕೋತೀರ’ ಅಂತ ಅವಳು ನಿತ್ಯ ಹೇಳುತ್ತಾಳೆ. ಒದ್ದೆಯಾದದ್ದು ತಂಪಲ್ಲವೇ, ಅದು ಹೇಗೆ ಸುಡುತ್ತದೆ? ಒಣಬಟ್ಟೆಯ ಎಳೆಗಳ ನಡುವೆ ಇರುವುದು ಆ ಸೋಮಾರಿ ಗಾಳಿ. ಒದ್ದೆ ಬಟ್ಟೆಯಲ್ಲಿ ಅದರ ಜಾಗಕ್ಕೆ ನೀರು ಬಂದು ಕೂತಿದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖ ದಾಟಿಸುತ್ತದೆ. ಅವಳು ಈ ಅಂಕಿ ಓದಿದವಳಲ್ಲ. ಅವಳಮ್ಮ ಹೇಳಿದ್ದು, ಅವಳಮ್ಮನ ಅಮ್ಮ ಹೇಳಿದ್ದು.

ಹಣೆ ಮುಟ್ಟಿ ಜ್ವರ ನೋಡುವುದೂ ಇದೇ ವಿದ್ಯೆ. ಒಲೆಯ ಮುಂದಿನಿಂದ ಎದ್ದುಬಂದ ಕೈಗೆ ಎಲ್ಲರ ಹಣೆಯೂ ತಣ್ಣಗೆ, ಪಾತ್ರೆ ತೊಳೆದು ಬಂದ ಕೈಗೆ ಎಲ್ಲರಿಗೂ ಜ್ವರ. ಅದಕ್ಕೇ ನಮ್ಮ ಅಮ್ಮ ಅಂಗೈಯಿಂದ ನೋಡುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಕೈಯ ಹಿಂಭಾಗವನ್ನು ಕತ್ತಿನ ಹತ್ತಿರ ಇಟ್ಟು ನೋಡುತ್ತಿದ್ದಳು.

ಕಾಫಿಗೆ ಬರೋಣ. ಊರು ಬಿಟ್ಟ ಕನ್ನಡಿಗನ ಲೇಖನದಲ್ಲಿ ಕಾಫಿ ಬರದಿದ್ದರೆ ಸಂಪಾದಕರು ಅನುಮಾನಪಡುತ್ತಾರೆ. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ಯುವಾಗ ಕಾಫಿ ಗಾಳಿಯಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆಯ ಮೈಯೆಲ್ಲ ಗಾಳಿಗೆ ತೆರೆದಿದೆ, ಹಬೆ ಹಾರುತ್ತದೆ, ಹಾರುವ ಹಬೆ ಶಾಖವನ್ನು ಹೊತ್ತೊಯ್ಯುತ್ತದೆ. ಹೈದರಾಬಾದಿನವರು ಇದೇ ಕೆಲಸವನ್ನು ಇರಾನಿ ಚಹಾದ ಸಾಸರಿನಲ್ಲಿ ಮಾಡುತ್ತಾರೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕೂತ ಡಿಕಾಕ್ಷನ್ನು, ಬೇರೆಯಾಗಿ ಕಾಯಿಸಿ ಗಟ್ಟಿಮಾಡಿದ ಹಾಲು, ದಪ್ಪ ಪಿಂಗಾಣಿ ಕಪ್ಪು. ದಪ್ಪ ಕಪ್ಪಿನಲ್ಲಿ ಅದು ಬೇಗ ಆರುವುದೇ ಇಲ್ಲ. ಅದಕ್ಕೆ ಹಿರಿಯರು ಅಗಲವಾದ ಸಾಸರಿಗೆ ಸುರಿದುಕೊಂಡು ಸುರ್ರನೆ ಎಳೆಯುತ್ತಾರೆ. ಅಗಲ ಹೆಚ್ಚಿದಷ್ಟೂ ಶಾಖ ಹೋಗಲು ಕೌಂಟರ್ ಹೆಚ್ಚು. ಬಿರಿಯಾನಿಯ ದಮ್ಮಿನಲ್ಲಿ ಇದರ ತದ್ವಿರುದ್ಧ: ಮುಚ್ಚಳದ ಅಂಚಿಗೆ ಕಣಕ ಮೆತ್ತಿ ಎಲ್ಲ ಕೌಂಟರುಗಳನ್ನೂ ಮುಚ್ಚಿ, ಕೆಳಗೂ ಕೆಂಡ, ಮೇಲೂ ಕೆಂಡ. ಒಳಗೆ ಬಂದ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ನಾನು ಬಿರಿಯಾನಿ ತಿನ್ನುವವನಲ್ಲ, ಆದರೆ ಬೇಸಿಗೆಯಲ್ಲಿ ನಮ್ಮ ಫ್ಲಾಟಿನೊಳಗೆ ಕೂತಾಗ ಅಕ್ಕಿಯ ಕಷ್ಟ ನನಗೆ ಅರ್ಥವಾಗುತ್ತದೆ.

ಇಲ್ಲಿಯ ಬೇಸಿಗೆಯ ಬಗ್ಗೆ ಒಂದು ಗಾದೆಯುಂಟು: ‘ರೋಹಿಣಿ ಕಾರ್ತೆಲೋ ರೋಳ್ಳು ಪಗುಲುತಾಯಿ’, ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲುಗಳೂ ಸೀಳುತ್ತವೆ ಅಂತ. ಮೇ ತಿಂಗಳ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗಿನ ಮಾತು. ಮೊದಲ ಸಲ ಕೇಳಿದಾಗ ನನಗೆ ಬೆರಗಾಯಿತು. ನಮ್ಮಲ್ಲಿ ರೋಹಿಣಿ ಅಂದರೆ ಮಳೆಯ ನಕ್ಷತ್ರ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವವರು ನಾವು. ಅದೇ ಹದಿನಾಲ್ಕು ದಿನ, ಅದೇ ನಕ್ಷತ್ರ. ಒಬ್ಬರಿಗೆ ಬಿತ್ತನೆಯ ಆಸೆ, ಒಬ್ಬರಿಗೆ ಕಲ್ಲು ಸೀಳುವ ಭಯ. ಹೈದರಾಬಾದಿನಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣತೆ 45.5 ಡಿಗ್ರಿ, ಅದು 1966ರ ಜೂನ್ 2ರಂದು. ಲೆಕ್ಕ ಹಾಕಿ ನೋಡಿ, ರೋಹಿಣಿಯಲ್ಲೇ ಬಿತ್ತು. ಕಲ್ಲು ಸೀಳುವ ಮಾತೂ ಪೂರಾ ಉತ್ಪ್ರೇಕ್ಷೆಯಲ್ಲ. ಕಾದ ವಸ್ತು ಹಿಗ್ಗುತ್ತದೆ. 13 ಮೀಟರ್ ಉದ್ದದ ರೈಲು ಹಳಿಯೊಂದು ಚಳಿಯ ಬೆಳಗಿನ 20 ಡಿಗ್ರಿಯಿಂದ ಬೇಸಿಗೆಯ 60 ಡಿಗ್ರಿಗೆ ಕಾದರೆ ಸುಮಾರು ಆರು ಮಿಲಿಮೀಟರ್ ಉದ್ದವಾಗುತ್ತದೆ. ಗಾಳಿಗಿಂತ ಬಿಸಿಲಿನಲ್ಲಿ ಬಿದ್ದ ಕಬ್ಬಿಣ ಎಷ್ಟೋ ಹೆಚ್ಚು ಕಾಯುವುದರಿಂದ ಈ 60 ದೊಡ್ಡ ಮಾತಲ್ಲ.

ಇಂಥ ಬಿಸಿಲಿಗೆ ಬಡವರ ಉತ್ತರವೆಂದರೆ ನೀರು ಆರುವುದು. ಇಲ್ಲಿಯ ರಸ್ತೆಬದಿಯಲ್ಲಿ ಫೆಬ್ರವರಿ ಮುಗಿಯುವುದರೊಳಗೆ ರಂಜನ್‌ಗಳ ಸಾಲು ಬಂದುಬಿಡುತ್ತದೆ. ರಂಜನ್ ಅಂದರೆ ನೀರಿನ ಮಣ್ಣಿನ ಮಡಕೆ, ನಮ್ಮ ಉತ್ತರ ಕರ್ನಾಟಕದವರ ಹರವಿ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ ಆರುತ್ತದೆ. ಒಂದು ಲೀಟರ್ ನೀರು ಹೀಗೆ ಆವಿಯಾಗಿ ಹೋಗುವಾಗ ಒಯ್ಯುವ ಶಾಖ, ಅದೇ ಒಂದು ಲೀಟರನ್ನು ಕೋಣೆಯ ಬಿಸಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಸುಮಾರು ಎಂಟು ಪಟ್ಟು. ಆ ಖರ್ಚನ್ನು ಕೊಡುವುದು ಮಡಕೆಯಲ್ಲಿ ಉಳಿದ ನೀರು. ಅದಕ್ಕೇ ಅದು ತಂಪು. ಏರ್ ಕೂಲರಿನ ಗುಟ್ಟೂ ಇದೇ. ಮರದ ನಾರಿನ ಪ್ಯಾಡೋ ಲಾವಂಚದ ತಡಿಕೆಯೋ ಒದ್ದೆಯಾಗಿರುತ್ತದೆ, ಫ್ಯಾನು ಅದರ ಮೂಲಕ ಒಣಗಾಳಿ ಎಳೆಯುತ್ತದೆ. ನಮ್ಮ ಮಂಗಳೂರು ಸಂಬಂಧಿಕರೊಬ್ಬರು ಇಲ್ಲಿಯ ಕೂಲರಿನ ಸುಖ ಕಂಡು ಊರಲ್ಲೂ ಒಂದು ಕೊಳ್ಳುತ್ತೇನೆ ಅಂದರು. ‘ಬೇಡ ಭಾವ, ಅಲ್ಲಿಯ ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸ್ಕೊಂಡಿರುತ್ತೆ, ಇನ್ನೂ ಕುಡಿ ಅಂದ್ರೆ ಕುಡಿಯಲ್ಲ’ ಅಂದೆ. ಇಲ್ಲಿಯೂ ಜುಲೈ ಬಂತೆಂದರೆ ಕೂಲರು ಬರೀ ಸದ್ದು ಮಾಡುವ ಪೆಟ್ಟಿಗೆ.

ಮನುಷ್ಯನ ಮೈಯೂ ಒಂದು ರಂಜನ್. ಬೆವರು ಆರುವುದರಿಂದಲೇ ನಾವು ಬದುಕಿದ್ದೇವೆ. ಸುತ್ತಲ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ಮೈಯ ಶಾಖ ಹೊರಹೋಗಲು ಉಳಿಯುವ ಬಾಗಿಲು ಅದೊಂದೇ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರು ಬೇಗ ಆರಲು ಸಹಾಯ ಮಾಡುತ್ತದೆ, ಅಷ್ಟೆ. ಗಾಳಿ 40 ಡಿಗ್ರಿ ದಾಟಿದರೆ ಫ್ಯಾನಿನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು, ಬಿಸಿಗಾಳಿಯನ್ನು ಮೈಮೇಲೆ ಸುರಿದಂತಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಅಂದರೆ ನಮ್ಮ ರಂಜನ್ನಿನ ರಂಧ್ರಗಳು ಕಟ್ಟಿಕೊಂಡಿವೆ.

ಇದು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಏಳರ ಹೊತ್ತಿಗೆ ನಮ್ಮವಳು ಅಡುಗೆಮನೆಯಲ್ಲಿ ಚಪಾತಿ ಬೇಯಿಸುತ್ತಿದ್ದವಳು, ‘ಏನ್ರೀ, ಒಂಥರಾ ಆಗ್ತಿದೆ’ ಅಂದಳು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೆಳಗೆ ಕುಸಿದಿದ್ದಳು. ಮೈ ಕಾದ ಕಾವಲಿ, ಮಾತು ತೊದಲು. ಪಕ್ಕದ ಮನೆಯ ತೆಲುಗು ಹೆಂಗಸು ಓಡಿಬಂದು ‘ವಡದೆಬ್ಬ, ವಡದೆಬ್ಬ’ ಅಂದವಳೇ ಒಂದು ಬಕೆಟ್ ನೀರಿನಲ್ಲಿ ಸೀರೆಯೊಂದನ್ನು ಅದ್ದಿ ಇವಳ ಮೈಮೇಲೆ ಹೊದೆಸಿ, ಎರಡು ಟೇಬಲ್ ಫ್ಯಾನು ತಿರುಗಿಸಿದಳು. ಬಿಸಿಲು ಹೊಡೆತಕ್ಕೆ ಇಲ್ಲಿಯ ಹೆಸರು ವಡದೆಬ್ಬ. ಹತ್ತಿರದ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಆ ಒದ್ದೆ ಸೀರೆಯನ್ನು ನೋಡಿ, ‘ಅರ್ಧ ಚಿಕಿತ್ಸೆ ಮನೆಯಲ್ಲೇ ಆಗಿದೆ’ ಅಂದರು. ಎರಡು ದಿನ ಡ್ರಿಪ್ಪು ಹಾಕಿಸಿಕೊಂಡು ಮನೆಗೆ ಬಂದಳು.

ನನಗೆ ಅರ್ಥವಾಗದೆ ಉಳಿದದ್ದು ಒಂದು. ಇವಳು ಅವತ್ತು ಬಿಸಿಲಿಗೆ ಹೋಗಿರಲೇ ಇಲ್ಲ. ಸೂರ್ಯ ಮುಳುಗಿದ ಮೇಲೆ ಮನೆಯೊಳಗಿದ್ದವಳಿಗೆ ಬಿಸಿಲು ಹೊಡೆದದ್ದು ಹೇಗೆ?

ಉತ್ತರ ತಲೆಯ ಮೇಲೇ ಇತ್ತು. ಕಾಂಕ್ರೀಟಿನ ಸ್ಲ್ಯಾಬು ಬೆಳಗ್ಗೆಯಿಂದ ಬಿಸಿಲು ಕುಡಿಯುತ್ತದೆ. ಅದರ ಐದಾರು ಅಂಗುಲ ದಪ್ಪವನ್ನು ದಾಟಿ ಶಾಖ ಕೆಳಗಿಳಿಯಲು ನಾಲ್ಕೈದು ಗಂಟೆ ಬೇಕು. ಮಧ್ಯಾಹ್ನ ಎರಡರ ಬಿಸಿಲು ಮನೆಯೊಳಗೆ ಬಂದು ಬಾಗಿಲು ತಟ್ಟುವುದು ಸಂಜೆ ಏಳಕ್ಕೆ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಹೊರಊರಿನ ಚೆಕ್ಕು, ಕಲೆಕ್ಷನ್ನಿಗೆ ಹೋಗಿ ಬರಲು ಸಮಯ ಹಿಡಿದರೂ ಬಂದೇ ಬರುತ್ತದೆ. ಆಮೇಲೆ ರಾತ್ರಿಯಿಡೀ ಸ್ಲ್ಯಾಬು ಒಲೆಯ ಹಾಗೆ ಕೆಳಕ್ಕೆ ಶಾಖ ಸೂಸುತ್ತದೆ. ಮುಟ್ಟಬೇಕಿಲ್ಲ, ನಡುವೆ ಗಾಳಿಯೂ ಬೇಕಿಲ್ಲ. ಹದಿನೈದು ಕೋಟಿ ಕಿಲೋಮೀಟರ್ ದೂರದ ಸೂರ್ಯನಿಂದ ನಮಗೆ ಶಾಖ ಬರುವುದೂ ಹೀಗೆಯೇ. ಇದೇ ವಿಕಿರಣ. ಲೆಕ್ಕದವನಾದ್ದರಿಂದ ಲೆಕ್ಕ ಹಾಕಿದೆ: ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟ್, ಅಂದರೆ ಒಂದು ಕರೆಂಟಿನ ಇಸ್ತ್ರಿ ಪೆಟ್ಟಿಗೆಯಷ್ಟು. ನಮ್ಮ ಸಾವಿರದಿನ್ನೂರು ಚದರ ಅಡಿ ಮನೆಯ ನೆತ್ತಿಯ ಮೇಲೆ ನೂರಾಹನ್ನೊಂದು ಇಸ್ತ್ರಿ ಪೆಟ್ಟಿಗೆ ಇಟ್ಟು ಸ್ವಿಚ್ ಹಾಕಿದ ಹಾಗೆ.

ಮಗಳು ಫೋನಿನಲ್ಲಿ ಬೈದು ಏ.ಸಿ. ಹಾಕಿಸಿದಳು. ಅದರ ಡಬ್ಬವನ್ನು ತಾರಸಿಯ ಮೇಲೆ ಕೂರಿಸಿದರು. ಏ.ಸಿ. ತಂಪನ್ನು ಹುಟ್ಟಿಸುತ್ತದೆ ಅನ್ನುವುದು ಸರಿಯಲ್ಲ. ತಂಪು ಅನ್ನುವ ವಸ್ತುವೇ ಇಲ್ಲ, ಇರುವುದು ಶಾಖ ಒಂದೇ. ಏ.ಸಿ. ಮನೆಯೊಳಗಿನ ಶಾಖವನ್ನು ಹೊರಗೆ ಹೊತ್ತುಹಾಕುವ ಹಮಾಲಿ. ತಾನಾಗಿ ಹೋಗದ ದಿಕ್ಕಿಗೆ, ಕಡಿಮೆಯಿಂದ ಹೆಚ್ಚಿನ ಕಡೆಗೆ ಹೊರಬೇಕಾದ್ದರಿಂದ ಅದಕ್ಕೆ ಕೂಲಿ ಕೊಡಬೇಕು. ಆ ಕೂಲಿಯೇ ಕರೆಂಟು. ಒಂದು ಯೂನಿಟ್ ಕರೆಂಟಿಗೆ ಅದು ಮನೆಯಿಂದ ಸುಮಾರು ಮೂರು ಯೂನಿಟ್ ಶಾಖ ಹೊರುತ್ತದೆ, ಹೊರಗೆ ಚೆಲ್ಲುವುದು ನಾಲ್ಕು, ಕೂಲಿಯೂ ಸೇರಿ. ಫ್ರಿಜ್ಜಿನದೂ ಇದೇ ಕಸುಬು. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುವುದಿಲ್ಲ, ಇನ್ನಷ್ಟು ಬಿಸಿಯಾಗುತ್ತದೆ, ಹಿಂದಿನ ಜಾಲರಿ ಮುಟ್ಟಿ ನೋಡಿದರೆ ತಿಳಿಯುತ್ತದೆ.

ಫ್ರಿಜ್ಜಿನ ಮಾತು ಬಂದಾಗ ಸನತ್‌ನಗರದ ಹಳಬರ ದನಿ ಬದಲಾಗುತ್ತದೆ. ಆಲ್ವಿನ್ ಫ್ರಿಜ್ ನೆನಪಿದೆಯೇ? 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಕಂಪನಿ ಬಸ್ಸಿನ ಮೈ ಕಟ್ಟಿತು, ಬೀರು ಮಾಡಿತು, ಮುಂದೆ ವಾಚನ್ನೂ ಮಾಡಿತು. ಫ್ರಿಜ್ಜಂತೂ ನಮ್ಮ ಶಿವಮೊಗ್ಗದ ಶ್ರೀಮಂತರ ಮನೆಗಳ ಹಾಲಿನಲ್ಲೂ ದೇವರ ಹಾಗೆ ನಿಂತಿರುತ್ತಿತ್ತು. 1990ರ ದಶಕದಲ್ಲಿ ಕಂಪನಿ ಹೋಳಾಗಿ ಫ್ರಿಜ್ ವಿಭಾಗ ವೋಲ್ಟಾಸ್ ಪಾಲಾಯಿತು. ದೇಶದ ಅರ್ಧದಷ್ಟು ಜನರ ಮಜ್ಜಿಗೆ ತಂಪು ಮಾಡಿದವರು ನಾವು ಅಂತ ಪಾರ್ಕಿನಲ್ಲಿ ಸಿಗುವ ನಿವೃತ್ತ ಕಾರ್ಮಿಕರೊಬ್ಬರು ಹೇಳುತ್ತಾರೆ. ಅರ್ಧ ಅನ್ನುವುದು ಅವರ ಅಭಿಮಾನದ ಲೆಕ್ಕ, ನಾನು ಆಡಿಟ್ ಮಾಡಲು ಹೋಗುವುದಿಲ್ಲ.

ಬ್ಯಾಂಕಿನವನಿಗೆ ಒಂದು ಚಾಳಿ. ಎಲ್ಲಿ ಡೆಬಿಟ್ ಆಯಿತು ಅಂದರೆ ಎಲ್ಲಿ ಕ್ರೆಡಿಟ್ ಆಯಿತು ಅಂತ ಹುಡುಕುತ್ತಾನೆ. ನಮ್ಮ ಕಟ್ಟಡದಿಂದ ಹೊರಬೀಳುವ ಶಾಖ ಯಾರ ಖಾತೆಗೆ ಜಮಾ ಆಗುತ್ತಿದೆ? ಕಾಂಪೌಂಡಿನ ಹೊರಗೋಡೆಗೆ ಒರಗಿಕೊಂಡು ಇಸ್ತ್ರಿಯವನ ತಗಡಿನ ಶೆಡ್ಡಿದೆ. ಮಹಬೂಬ್‌ನಗರದ ಕಡೆಯವನು, ಹೆಂಡತಿ, ಇಬ್ಬರು ಮಕ್ಕಳು. ಹಗಲು ಅದೇ ಅಂಗಡಿ, ರಾತ್ರಿ ಅದೇ ಮನೆ. ಇದ್ದಿಲಿನ ಪೆಟ್ಟಿಗೆ. ಮೇ ತಿಂಗಳ ಮಧ್ಯಾಹ್ನ ಆ ತಗಡಿನ ಕೆಳಗೆ ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ನಿಲ್ಲುವವನನ್ನು ನೋಡಿದರೆ ನಮ್ಮ ನೂರಾಹನ್ನೊಂದರ ಲೆಕ್ಕ ತಮಾಷೆಯಾಗಿ ಕಾಣುತ್ತದೆ. ಒಮ್ಮೆ ಅವನಿಗೆ ನಮ್ಮ ಸ್ಲ್ಯಾಬಿನ ಕಷ್ಟ ಹೇಳಿಕೊಂಡಾಗ ಅವನು ನಕ್ಕು, ‘ರಾತ್ರಿ ಮೀಕಂಟೆ ಮೇಮೇ ನಯಂ ಸಾರ್’ ಅಂದ. ರಾತ್ರಿ ನಿಮಗಿಂತ ನಾವೇ ವಾಸಿ ಅಂತ. ಅವನ ಮಾತು ಶಾಸ್ತ್ರಕ್ಕೂ ಸರಿ. ತಗಡು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಗಲು ನರಕ, ರಾತ್ರಿ ಒಂಬತ್ತಕ್ಕೆ ತಣ್ಣಗೆ. ನಮ್ಮದು ದಪ್ಪ ಚರ್ಮದ ಸ್ಲ್ಯಾಬು, ಬೆಳಗಿನ ಜಾವದವರೆಗೂ ಬಿಸಿ.

ಆದರೆ ಒಂದು ಬೇಸಿಗೆಯಲ್ಲಿ ಅವನು ಆ ಮಾತು ಆಡುವುದನ್ನು ಬಿಟ್ಟ. ಕಾರಣ ಕೇಳಿದರೆ ಹೇಳಲಿಲ್ಲ, ಗೋಡೆಯ ಕಡೆ ಕಣ್ಣು ತೋರಿಸಿದ. ನೆಲಮಹಡಿ, ಮೊದಲ ಮಹಡಿಯ ಮನೆಗಳಲ್ಲಿ ಹೊಸದಾಗಿ ಹಾಕಿಸಿದ ಮೂರು ಏ.ಸಿ.ಗಳ ಡಬ್ಬಗಳು ಅವನ ಶೆಡ್ಡಿನ ನೇರಕ್ಕೆ ಮುಖ ಮಾಡಿ ಕೂತಿದ್ದವು. ರಾತ್ರಿ ಹತ್ತರಿಂದ ಬೆಳಗಿನವರೆಗೆ ಮೂರು ಮನೆಗಳ ಶಾಖ ಅವನ ಮಕ್ಕಳು ಮಲಗುವ ಜಾಗಕ್ಕೆ. ಇದ್ದ ಒಂದೇ ಒಂದು ಅನುಕೂಲ, ರಾತ್ರಿಯ ತಂಪು, ಅದೂ ಹೋಯಿತು. ಶಾಖ ಹೆಚ್ಚಿನಿಂದ ಕಡಿಮೆಯ ಕಡೆಗೆ ಹರಿಯುತ್ತದೆ ಅನ್ನುವುದು ಪ್ರಕೃತಿಯ ನಿಯಮ. ಇದ್ದವನಿಂದ ಇಲ್ಲದವನ ಕಡೆಗೆ ಹರಿಯುವಂತೆ ಮಾಡಿದ್ದು ಪ್ರಕೃತಿಯಲ್ಲ.

ಇದು ಹಿತ–ಅಹಿತದ ಪ್ರಶ್ನೆಯಲ್ಲ. 2003ರ ಬೇಸಿಗೆಯಲ್ಲಿ ಅವಿಭಜಿತ ಆಂಧ್ರದಲ್ಲಿ ಬಿಸಿಗಾಳಿಗೆ ಸತ್ತವರು ಸಾವಿರಕ್ಕೂ ಹೆಚ್ಚು. 2015ರ ಮೇ ತಿಂಗಳಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಆಂಧ್ರ, ತೆಲಂಗಾಣದವರು. ಹೊಲದಲ್ಲಿ, ರಸ್ತೆಯಲ್ಲಿ, ಕಟ್ಟಡದ ಕೆಲಸದಲ್ಲಿ ಇದ್ದವರು, ವಯಸ್ಸಾದವರು. ತೆಲಂಗಾಣ ಸರಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತು ಅಂತ ಘೋಷಿಸಿ, ಸತ್ತವರ ಮನೆಯವರಿಗೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು.

ಪರಿಹಾರಕ್ಕಿಂತ ನನಗೆ ಹಿಡಿಸಿದ್ದು ಅದಕ್ಕೂ ಮೊದಲಿನ ಒಂದು ಕೆಲಸ. ಕೆಲವು ವರ್ಷ ಹಿಂದೆ ಬಂಜಾರಾ ಹಿಲ್ಸ್ ಕಡೆಯ ದೇವರಕೊಂಡ ಬಸ್ತಿಯಲ್ಲಿ ಇಪ್ಪತ್ತೈದು ಬಡವರ ಮನೆಗಳ ಮಾಡಿಗೆ ಬಿಸಿಲನ್ನು ವಾಪಸು ಕಳಿಸುವ ಬಿಳಿಯ ಹೊದಿಕೆ ಹಾಕಿ ನೋಡಿದರು. ಹೊದಿಕೆಯಿಲ್ಲದ ಮನೆಗಳಿಗಿಂತ ಒಳಗಿನ ಗಾಳಿ ಸರಾಸರಿ 2 ಡಿಗ್ರಿಯಷ್ಟು ತಂಪಾಗಿತ್ತು. ಎರಡು ಡಿಗ್ರಿ ಏನು ಮಹಾ ಅನ್ನಬೇಡಿ. 98.6 ಇರುವ ಮಗುವಿಗೆ ಎರಡು ಡಿಗ್ರಿ ಏರಿದರೆ ನೀವು ರಜೆ ಹಾಕುತ್ತೀರಿ. 2023ರ ಏಪ್ರಿಲ್‌ನಲ್ಲಿ ತೆಲಂಗಾಣ ‘ಕೂಲ್ ರೂಫ್’ ನೀತಿಯನ್ನೇ ತಂದಿತು. ಹೊಸ ಸರಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, 600 ಚದರ ಗಜಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೆ ತಂಪು ಮಾಡು ಕಡ್ಡಾಯ, ಸಣ್ಣ ಮನೆಯವರಿಗೆ ಅವರವರ ಇಷ್ಟ. ತತ್ವ ಬಲು ಸರಳ. ಬರೀ ಕಾಂಕ್ರೀಟು ಬಿದ್ದ ಬಿಸಿಲಿನ ಬಹುಪಾಲನ್ನು ನುಂಗುತ್ತದೆ, ಹೊಸ ಬಿಳಿ ಬಣ್ಣ ಮುಕ್ಕಾಲು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಸ್ವೀಕರಿಸದೆ ವಾಪಸು ಮಾಡಿದ ಚೆಕ್ಕು. ಏ.ಸಿ.ಯ ಹಾಗೆ ಪಕ್ಕದವನ ಖಾತೆಗೆ ಹೋಗುವುದಿಲ್ಲ.

ನಮ್ಮ ಕಟ್ಟಡದ ಸಂಘದ ಸಭೆಯಲ್ಲಿ ಎರಡು ವಿಷಯ ಎತ್ತಿದೆ. ತಾರಸಿಗೆ ಬಿಳಿ ಬಳಿಸುವುದು ಒಂದು. ‘ಅದು ಟಾಪ್ ಫ್ಲೋರ್‌ನವರ ಸಮಸ್ಯೆ’ ಅಂದರು ಕೆಳಗಿನವರು. ಸರಿ, ಮೇಲಿನ ನಾಲ್ಕು ಮನೆಯವರೇ ದುಡ್ಡು ಹಾಕಿ, ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಸುತ್ತು ಬಳಿಸಿದೆವು. ಸಂಜೆ ಸ್ಲ್ಯಾಬಿನ ಒಳಮೈಗೆ ಕೈಯಿಟ್ಟರೆ ಮೊದಲಿನಂತೆ ಚುರುಕ್ಕೆನ್ನಲಿಲ್ಲ, ಏ.ಸಿ. ರಾತ್ರಿ ಎರಡು ಗಂಟೆ ಓಡಿದರೆ ಸಾಕಾಯಿತು. ಎರಡನೆಯದು ಆ ಮೂರು ಡಬ್ಬಗಳ ವಿಷಯ. ಅದಕ್ಕೆ ಮಾತು ಬೆಳೆಯಿತು. ಪೈಪಿನ ಖರ್ಚು ಯಾರದು, ಶೆಡ್ಡೇ ಅನಧಿಕೃತ ಅಲ್ಲವೇ, ಇತ್ಯಾದಿ. ‘ಅವನು ಇಲ್ಲಿಂದ ಹೋದರೆ ನಮ್ಮ ಷರ್ಟಿಗೆ ಇಸ್ತ್ರಿ ಯಾರು ಹಾಕ್ತಾರೆ?’ ಅಂದಳು ಅವತ್ತು ಒದ್ದೆ ಸೀರೆ ಹೊದೆಸಿದ ಪಕ್ಕದ ಮನೆಯಾಕೆ, ತೆಲುಗಿನಲ್ಲಿ. ಮೂರರಲ್ಲಿ ಎರಡು ಡಬ್ಬ ಮೇಲೆ ಹೋದವು. ಒಂದು ಇನ್ನೂ ಅಲ್ಲೇ ಇದೆ. ಉಳಿದ ಸುಣ್ಣವನ್ನು ಇಸ್ತ್ರಿಯವನು ಕೇಳಿ ತೆಗೆದುಕೊಂಡು ತನ್ನ ತಗಡಿಗೆ ಬಳಿದುಕೊಂಡ.

ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಹೋದಾಗ ಸಿಗುವ ಕನ್ನಡದ ಗೆಳೆಯರು, ‘ಇಷ್ಟೆಲ್ಲಾ ಯಾಕೆ ಒದ್ದಾಡ್ತೀರಿ, ರಿಟೈರ್ ಆಯ್ತಲ್ಲ, ಊರಿಗೆ ಹೋಗ್ಬಾರ್ದಾ?’ ಅನ್ನುತ್ತಾರೆ. ಊರಿನ ತಂಗಿಯದೂ ಅದೇ ಮಾತು. ಆದರೆ ಫೋನಿನಲ್ಲಿ ಅವಳೂ ಈಗ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಡಿಗ್ರಿ ಅಣ್ಣಾ? ಇಲ್ಲೂ ತಡೆಯಕ್ಕಾಗ್ತಿಲ್ಲ’ ಅಂತ. ಫ್ಯಾನೇ ಬೇಡವೆಂಬ ಖ್ಯಾತಿಯಿದ್ದ ಬೆಂಗಳೂರು 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿತು. ನಮ್ಮ ಊರಿನ ಹಳೆಯ ಮನೆಯ ನಾಡಹೆಂಚಿನ ಮಾಡು, ಅದರ ಕೆಳಗಿನ ಅಟ್ಟ, ಅಟ್ಟದ ನಡುವೆ ನಿಂತ ಸೋಮಾರಿ ಗಾಳಿ ಇವೆಲ್ಲ ಶಾಖವನ್ನು ಬಾಗಿಲಲ್ಲೇ ಕಾಯಿಸುವ ಏರ್ಪಾಡುಗಳಾಗಿದ್ದವು. ತಂಗಿಯ ಮನೆಯವರು ಅದನ್ನು ಕೆಡವಿ ಆರ್‌ಸಿಸಿ ಹಾಕಿಸಿದರು. ಈಗ ಅಲ್ಲಿಯೂ ಸಂಜೆ ಏಳಕ್ಕೆ ಮಧ್ಯಾಹ್ನದ ಚೆಕ್ಕು ಬರುತ್ತದೆ. ಮೊನ್ನೆ ಅವಳಿಗೆ ಸುಣ್ಣ, ಫೆವಿಕಾಲಿನ ಪ್ರಮಾಣ ಬರೆದು ಕಳಿಸಿದೆ. ಬಿಸಿಲ ಊರಿನವರಿಂದ ಮಲೆನಾಡಿಗೆ ಹೋದ ಮೊದಲ ಪಾಠ ಇದೇ ಇರಬೇಕು.

ಇದನ್ನು ಬರೆಯುತ್ತಿರುವುದು ಜನವರಿಯಲ್ಲಿ. ಹೈದರಾಬಾದಿಗೂ ಚಳಿಯಿದೆ. ಊರಿನಿಂದ ತಂದ ಕರಿ ಕಂಬಳಿ ಹೊರಬಿದ್ದಿದೆ. ಕಂಬಳಿಗೆ ಸ್ವಂತ ಶಾಖವಿಲ್ಲ, ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಅದೇ ಕಂಬಳಿಯನ್ನು ಬೇಸಿಗೆಯಲ್ಲಿ ನಮ್ಮವಳು ಮಂಜುಗಡ್ಡೆಯ ಡಬ್ಬಕ್ಕೆ ಸುತ್ತಿಡುತ್ತಾಳೆ, ಮಂಜು ಬೇಗ ಕರಗುವುದಿಲ್ಲ. ‘ಬೆಚ್ಚಗಿನ ಕಂಬಳಿ ಸುತ್ತಿದ್ರೆ ಕರಗಲ್ವಾ ಅಜ್ಜಿ?’ ಅಂತ ಮೊಮ್ಮಗ ಕೇಳಿದ್ದಕ್ಕೆ ಅವಳು, ‘ಕಂಬಳಿಗೆ ಒಳಗೆ ಯಾರಿದಾರೆ ಅಂತ ಗೊತ್ತಾಗಲ್ಲ ಪುಟ್ಟಾ’ ಅಂದಳು. ನನ್ನ ಎಂ.ಕಾಂ. ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುತ್ತದೆ ಅನ್ನುವ ಮಾತು ಕನ್ನಡದಲ್ಲೂ ಉಂಟು, ತೆಲುಗಿನಲ್ಲೂ ಉಂಟು. ಅಷ್ಟರೊಳಗೆ ತಾರಸಿ ತೊಳೆಸಬೇಕು. ವರ್ಷದ ಧೂಳು ಕೂತು ಬಿಳಿ ಮಾಸಿದೆ, ಮಾಸಿದ ಬಿಳಿ ಮತ್ತೆ ಬಿಸಿಲು ನುಂಗತೊಡಗುತ್ತದೆ. ಎರಡು ಮೂಟೆ ಸುಣ್ಣ ನಮಗೆ, ಅರ್ಧ ಮೂಟೆ ಹೆಚ್ಚಿಗೆ. ಇಸ್ತ್ರಿಯವನು ಆಗಲೇ ಬಕೆಟ್ ತಂದಿಟ್ಟು ಹೋಗಿದ್ದಾನೆ.